ಹುರುಳಿ ಮೈ ಕೊಡವಿದ ದಿನ

ಆ ಊರಿಗೆ ಯಾವ ಬಸ್ಸು ಹೋಗುತ್ತದೆ ಎಂದು ಕೇಳಬೇಡಿ, ನನಗೂ ಸರಿಯಾಗಿ ಗೊತ್ತಿಲ್ಲ. ನಾನೂ ನಮ್ಮ ಮನೆಯವರೂ ಬೇರೆಲ್ಲಿಗೋ ಹೊರಟವರು. ಬಸ್ಸಿನಲ್ಲಿ ಇಬ್ಬರಿಗೂ ಜೊಂಪು ಹತ್ತಿತು, ಎಚ್ಚರವಾದಾಗ ಒಂದು ಕೆರೆಯ ಏರಿಯ ಮೇಲೆ ನಿಂತಿದ್ದೆವು. ನಿವೃತ್ತಿಯಾದ ಮೇಲೆ ಇದೊಂದು ಸುಖ ನೋಡಿ, ತಪ್ಪು ಜಾಗದಲ್ಲಿ ಇಳಿದರೂ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ಅಲ್ಲಿ ಒಬ್ಬಳು ಬಳೆಗಾರ್ತಿ ನಮ್ಮ ಮನೆಯವರ ಕೈ ಹಿಡಿದು, ಹಸಿರು ಗಾಜಿನ ಬಳೆ ಏರಿಸುತ್ತ ಏರಿಸುತ್ತ ಈ ಕಥೆ ಹೇಳಿದಳು. ಎರಡು ಕೈಗೂ ಬಳೆ ತುಂಬಿದವು, ಕಥೆ ಮುಗಿಯಲಿಲ್ಲ. ಕೊನೆಗೆ ನನ್ನ ಕೈಯನ್ನೂ ಹಿಡಿದುಕೊಂಡಾಳೇನೋ ಎಂದು ನನಗೆ ಭಯವಾಗಿತ್ತು. ಆ ಊರಿನಲ್ಲಿ ಈ ಕಥೆ ಗೊತ್ತಿರುವುದು ಅವಳೊಬ್ಬಳಿಗೇ. ಯಾಕೆ ಅವಳೊಬ್ಬಳಿಗೇ ಎನ್ನುವುದೇ ಕಥೆ.

ಅದು ಇಳಿಜಾರಿನ ಊರು. ಬೀದಿಗಳೆಲ್ಲ ಕೆರೆಯ ಕಡೆಗೆ ವಾಲಿವೆ. ಕೈತಪ್ಪಿ ಬಿದ್ದದ್ದೆಲ್ಲ ಉರುಳುತ್ತದೆ, ಉರುಳಿದ್ದೆಲ್ಲ ಕೆರೆ ಸೇರುತ್ತದೆ. ಬೀಗದ ಕೈ, ತಾಯಿತ, ಊರುಗೋಲು, ಮದುವೆಯ ಬಾಸಿಂಗ, ಯಾರೋ ಯಾರಿಗೋ ಕೊಡಬೇಕೆಂದು ಇಟ್ಟುಕೊಂಡು ಕೊಡದೇ ಉಳಿದ ಕರವಸ್ತ್ರ, ಎಲ್ಲ. ಯಾರದೋ ಆಗಿದ್ದ ವಸ್ತು ಆ ಕೆರೆಯಲ್ಲಿ ಮುಳುಗುವುದಿಲ್ಲ. ಕಬ್ಬಿಣದ ಬೀಗ ಕೂಡ ಎಲೆಯ ಹಾಗೆ ತೇಲುತ್ತ ಹೋಗಿ ಆಚೆ ದಡದ ಜೊಂಡಿನಲ್ಲಿ ನಿಲ್ಲುತ್ತದೆ. ಯಾರದೂ ಅಲ್ಲದ್ದು ಮಾತ್ರ ಮುಳುಗುತ್ತದೆ, ಕಲ್ಲಿನ ಹಾಗೆ.

ಹಾಗಾದರೆ ಇಳಿದು ತರಬಾರದೇ? ತರುವ ಹಾಗಿಲ್ಲ. ಅದೇ ಆ ಊರಿನ ಕಟ್ಟಳೆ. ಊರಿನವರು ಮಾಡಿದ್ದಲ್ಲ, ನೀರು ಮಾಡಿದ್ದು. ಆ ನೀರಿನ ಒಂದು ಹನಿ ಮೈಗೆ ತಾಕಿದರೂ ಸಾಕು, ತಾಕಿದವನಿಗೆ ತಾನು ಅಲ್ಲಿಗೆ ಯಾತಕ್ಕೆ ಬಂದೆ ಎನ್ನುವುದು ಮರೆತುಹೋಗುತ್ತದೆ. ಬೇರೇನೂ ಮರೆಯುವುದಿಲ್ಲ. ಮನೆಯ ದಾರಿ ನೆನಪಿರುತ್ತದೆ, ಹೆಂಡತಿಯ ಮುಖ ನೆನಪಿರುತ್ತದೆ, ಪಕ್ಕದ ಮನೆಯವನ ಜೊತೆಗಿನ ಜಗಳ ಬಹಳ ಚೆನ್ನಾಗಿ ನೆನಪಿರುತ್ತದೆ. ಬಂದದ್ದು ಯಾತಕ್ಕೆ ಎನ್ನುವುದು, ಅದರ ಸುತ್ತ ಅಲ್ಲಿ ನಡೆದದ್ದೂ ಸೇರಿ, ಅಷ್ಟು ಮಾತ್ರ ಬೇರುಸಹಿತ ಹೋಗಿರುತ್ತದೆ. "ಹಾಗಾದ್ರೆ ಕುಡಿಯೋಕೆ ಏನ್ಮಾಡ್ತೀರಮ್ಮಾ?" ಎಂದು ನಮ್ಮ ಮನೆಯವರು ಕೇಳಿದರು. ಬಾವಿ ಇದೆಯಂತೆ. ಹೆಂಗಸರು ಇಂಥ ಪ್ರಶ್ನೆ ಕೇಳದಿದ್ದರೆ ಎಷ್ಟೋ ಕಥೆಗಳಲ್ಲಿ ಜನ ಬಾಯಾರಿ ಸಾಯುತ್ತಿದ್ದರು.

ಆದ್ದರಿಂದ ನಾಯಿಗಳು. ತಾನು ಯಾತಕ್ಕೆ ಹೋಗುತ್ತಿದ್ದೇನೆ ಎನ್ನುವುದು ನಾಯಿಗೆ ಮೊದಲೇ ಗೊತ್ತಿರುವುದಿಲ್ಲ. ಮರೆಯುವುದಕ್ಕೆ ಏನಿದೆ?

ಆ ಊರಿನಲ್ಲಿ ಹೆಸರಿರುವುದೂ ನಾಯಿಗಳಿಗೆ ಮಾತ್ರ. ಮನುಷ್ಯರನ್ನು ಅವರವರ ಕೆಲಸದಿಂದ ಕರೆಯುತ್ತಾರೆ. ಬಳೆಗಾರ್ತಿ, ಕೋವಿಯವನು, ಯಜಮಾನ. ಹೆಸರು ಇರುವುದು ದೂರ ಹೋದದ್ದನ್ನು ವಾಪಸ್ ಕರೆಯುವುದಕ್ಕೆ, ಮನುಷ್ಯರನ್ನು ಯಾರು ವಾಪಸ್ ಕರೆಯುತ್ತಾರೆ, ಎಂದು ಅವರ ವಾದ. ನಾಯಿಗಳಿಗೆ ಪಾಠ ಹೇಳುವವರನ್ನು ಮೇಷ್ಟ್ರು ಎನ್ನುತ್ತಾರೆ. ಮಕ್ಕಳಿಗೆ ಪಾಠ ಹೇಳುವವರೂ ಒಬ್ಬರಿದ್ದಾರೆ. ಅವರನ್ನು 'ಇನ್ನೊಬ್ಬ ಮೇಷ್ಟ್ರು' ಎನ್ನುತ್ತಾರೆ.

ಮೇಷ್ಟ್ರ ಪಾಠ ಒಣ ನೆಲದಲ್ಲಿ ಶುರುವಾಗುತ್ತಿತ್ತು. ಹಳೇ ಬಟ್ಟೆಯ ಉಂಡೆಗೆ ಬಾತಿನ ಗರಿ ಸುತ್ತಿ, ದಾರ ಬಿಗಿದು ಎಸೆಯುತ್ತಿದ್ದರು. ಮರಿ ಓಡಿಹೋಗಿ ಬಾಯಲ್ಲಿ ಎತ್ತಿ ತರಬೇಕು. ಯಾಕೆ ಗರಿಯನ್ನೇ ಸುತ್ತಬೇಕು ಎಂದು ಯಾರೂ ಕೇಳಿದವರಿಲ್ಲ. ಮುತ್ತಾತನ ಕಾಲದಿಂದ ಗರಿ, ಆದ್ದರಿಂದ ಗರಿ. ಹಾಗೆಯೇ ಕೋವಿ. ನಾಯಿಯನ್ನು ನೀರಿಗೆ ಬಿಡುವ ಮುಂಚೆ ಕೋವಿಯವನು ಕೋವಿಯನ್ನು ಆಕಾಶಕ್ಕೆ ಹಿಡಿದು ಢಂ ಎನ್ನಿಸಬೇಕು. ಒಳಗೆ ಗುಂಡಿಲ್ಲ, ಬರೀ ಮದ್ದು. ಯಾಕಪ್ಪಾ ಸುಮ್ಮನೆ ಮದ್ದು ದಂಡ ಎಂದು ಯಾರಾದರೂ ಕೇಳಿದರೆ, "ನಮ್ಮಪ್ಪ ಹಾರಿಸ್ತಿದ್ದ, ನಾನು ಹಾರಿಸ್ತೀನಿ. ಏನಂದ್ರಿ? ಕೇಳಿಸ್ಲಿಲ್ಲ" ಎನ್ನುತ್ತಿದ್ದ. ಆ ಸದ್ದಿನಿಂದಲೇ ಅವನ ಒಂದು ಕಿವಿ ಹೋಗಿತ್ತು. ಯಾವ ಕಾಲದಲ್ಲೋ ಆ ಊರಿನವರು ಹಕ್ಕಿ ಹೊಡೆಯುವ ಬೇಟೆಗಾರರಾಗಿದ್ದಿರಬೇಕು. ಯಾರೋ ಮುತ್ತಾತ ಕೆರೆಯ ನೀರು ಮುಟ್ಟಿ ಅದನ್ನೂ ಮರೆತಿರಬೇಕು. ಇದು ನನ್ನ ಊಹೆ. ಕಾಲೇಜಿನಲ್ಲಿ ಇತಿಹಾಸ ಓದಿದವನು, ಊಹೆ ಮಾಡದೆ ಇರಲಾರೆ.

ಎರಡನೆಯ ಪಾಠ ಬಾಯಿಯದು. ನಾಯಿಯ ಬಾಯಿಗೆ ಕೋಳಿಮೊಟ್ಟೆ ಕೊಟ್ಟು ಊರಿನ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ನಡೆಸುತ್ತಿದ್ದರು. ಮೊಟ್ಟೆ ಒಡೆಯಬಾರದು. "ಹಲ್ಲು ಇರೋದು ಕಚ್ಚೋಕಲ್ಲ. ಕಚ್ಚಬಹುದಾಗಿದ್ರೂ ಕಚ್ಚದೆ ಇರೋಕೆ" ಎನ್ನುತ್ತಿದ್ದರು ಮೇಷ್ಟ್ರು. ಈ ಮಾತನ್ನು ಅವರು ನಾಯಿಗೆ ಹೇಳುತ್ತಿದ್ದರೋ ಬಾಗಿಲಲ್ಲಿ ನಿಂತು ನೋಡುವ ಜನರಿಗೆ ಹೇಳುತ್ತಿದ್ದರೋ ಗೊತ್ತಾಗುತ್ತಿರಲಿಲ್ಲವಂತೆ.

ಎಲ್ಲಕ್ಕಿಂತ ಕಷ್ಟದ್ದು ಕೊನೆಯ ಪಾಠ. ನೀರಿನಿಂದ ಮೇಲೆ ಬಂದ ನಾಯಿ ಮೊದಲು ಮಾಡುವ ಕೆಲಸ ಏನು ಹೇಳಿ? ಮೈ ಕೊಡವುವುದು. ಕಿವಿಯಿಂದ ಬಾಲದ ತುದಿಯವರೆಗೆ ಒಂದು ಸಲ ಕೊಡವಿದರೆ ಸುತ್ತ ನಿಂತವರೆಲ್ಲರ ಮೇಲೂ ಹನಿ. ವಸ್ತುವಿನ ಒಡೆಯ ಅಲ್ಲೇ ನಿಂತಿರುತ್ತಾನೆ; ಹನಿ ಬಿದ್ದದ್ದೇ ತಡ, ನಾಯಿಯ ಬಾಯಲ್ಲಿರುವ ತನ್ನದೇ ಊರುಗೋಲನ್ನು ನೋಡಿ, "ಯಾರದಪ್ಪಾ ಇದು, ಚೆನ್ನಾಗಿದೆ" ಎಂದು ಕುಂಟುತ್ತ ಹೊರಟುಹೋಗುತ್ತಾನೆ. ಹಾಗೆ ಆಗಿದೆಯಂತೆ. ಆದ್ದರಿಂದ ನಾಯಿ ಮೈ ಕೊಡವುವ ಆಸೆಯನ್ನು ತಡೆದುಕೊಂಡು, ತಂದದ್ದನ್ನು ಒಣ ಬಟ್ಟೆಗೆ ಒಪ್ಪಿಸಿ, ದೂರದ ನೇರಳೆ ಮರದ ಬುಡಕ್ಕೆ ಒಂಟಿಯಾಗಿ ನಡೆದು, ಅಲ್ಲಿ ನಿಂತು ಮೇಷ್ಟ್ರ ಕಡೆ ನೋಡಬೇಕು. ಮೇಷ್ಟ್ರು "ಆಯ್ತು" ಎನ್ನಬೇಕು. ಆಮೇಲೆ ಕೊಡವಿಕೊಳ್ಳಬಹುದು, ಎಷ್ಟು ಬೇಕಾದರೂ. ಅಕಸ್ಮಾತ್ ಹನಿ ಸಿಡಿದರೂ ತಾಕದಿರಲೆಂದು ಮೇಷ್ಟ್ರು ಬೇಸಿಗೆಯಲ್ಲೂ ದಪ್ಪನೆಯ ಕರಿಕಂಬಳಿ ಹೊದ್ದಿರುತ್ತಿದ್ದರು.

ಕೋವಿ ಸದ್ದಾಗುತ್ತದೆ. ನಾಯಿ ಕೂತೇ ಇರುತ್ತದೆ. ಒಡೆಯ ಕಳೆದುಕೊಂಡದ್ದರ ಹೆಸರು ಹೇಳುತ್ತಾನೆ. ಮೇಷ್ಟ್ರು ಕೈ ಚಾಚುತ್ತಾರೆ. ನಾಯಿ ಹೋಗುತ್ತದೆ. ಹೀಗೆ ಎಷ್ಟೋ ತಲೆಮಾರು, ಎಷ್ಟೋ ಮುಂಜಾವು.

ಈಗ ಹುರುಳಿಗೆ ಬರೋಣ.

ಹುರುಳಿ ಎನ್ನುವುದು ಹುರುಳಿಕಾಳಿನ ಬಣ್ಣದ ಒಂದು ಹೆಣ್ಣು ನಾಯಿ. ಯಜಮಾನರ ಮನೆಯಲ್ಲಿ ಬೆಳೆದದ್ದು. ಯಜಮಾನರೆಂದರೆ ಊರಿನ ನ್ಯಾಯ ಹೇಳುವವರು, ತೂಕದ ಮನುಷ್ಯ, ತಮ್ಮ ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಬೆರಳು ಎತ್ತಿಯೇ ಇರುವವರು. ಅವರು ಮನೆಗೆ ಬಂದ ನೆಂಟರ ಮುಂದೆ ಬೀಗಿಕೊಳ್ಳಲು ಏರಿಯ ಮೇಲೆ ನಿಂತು ಕೆರೆಗೆ ಕಲ್ಲೆಸೆಯುತ್ತಿದ್ದರು. ಮರಿ ಹುರುಳಿ ಚಿಮ್ಮಿದ ನೀರನ್ನು ನೋಡಿ ಅಲ್ಲಿಗೆ ಈಜುತ್ತಿತ್ತು. ನೆಂಟರು ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ, "ಮೇಷ್ಟ್ರೇ, ಅರ್ಧ ಪಾಠ ನಾನೇ ಕಲಿಸಿಬಿಟ್ಟಿದ್ದೀನಿ, ಉಳಿದದ್ದು ನೀವು ನೋಡ್ಕೊಳ್ಳಿ" ಎಂದು ತಂದು ಬಿಟ್ಟರು.

ಮೇಷ್ಟ್ರು ಒಂದು ಸಲ ಅದನ್ನು ನೀರಿಗೆ ಬಿಟ್ಟು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಕಲ್ಲು ನೋಡಿ ಕಲಿತ ನಾಯಿ ಕಲ್ಲಿಗೇ ಕಾಯುತ್ತದೆ. ಹುರುಳಿ ಕೆರೆಯ ನಡುವಿನವರೆಗೆ ನೆಟ್ಟಗೆ ಹೋಗುತ್ತಿತ್ತು. ಅಲ್ಲಿ ನಿಂತು, ತಿರುಗಿ, ದಡದ ಕಡೆ ನೋಡುತ್ತಿತ್ತು. ಮುಂದಿನ ಕಲ್ಲು ಎಲ್ಲಿ? ಮೇಷ್ಟ್ರು ಕೈ ಬೀಸಿದರೆ ಅದೇ ಜಾಗದಲ್ಲಿ ಸುತ್ತುತ್ತಿತ್ತು, ಕೂಗಿದರೆ ಸುತ್ತುತ್ತಿತ್ತು, ಸುಮ್ಮನಿದ್ದರೆ ಖಾಲಿ ಬಾಯಲ್ಲಿ ವಾಪಸ್ ಬರುತ್ತಿತ್ತು. ಜೊಂಡಿನವರೆಗೆ ಹೋದದ್ದೇ ಇಲ್ಲ. ಊರಿನವರು ಅದನ್ನು ಕಲ್ಲುನಾಯಿ ಎಂದು ಕರೆಯತೊಡಗಿದರು. ಯಜಮಾನರಿಗೆ ಇದು ಅವಮಾನ. ಕಲ್ಲೆಸೆದವರು ತಾವೇ ಎನ್ನುವುದು ಅವರ ನೆನಪಿನಿಂದ ಯಾವ ನೀರೂ ತಾಕದೆಯೇ ಹೋಗಿತ್ತು. "ಇನ್ನು ಒಂದೇ ಅವಕಾಶ. ಊರೆಲ್ಲ ನೋಡುವ ಹಾಗೆ ಬಿಡಿ. ಖಾಲಿ ಬಾಯಲ್ಲಿ ಬಂದ್ರೆ ಕೊಟ್ಟಿಗೆಯಲ್ಲಿ ಕಟ್ಟಿಹಾಕ್ತೀನಿ, ಸಾಯೋವರೆಗೂ ನೀರು ಕಾಣಬಾರದು" ಎಂದರು. ನೀರಿಗಿಳಿಯುವ ನಾಯಿ ಹಗ್ಗ ಕಟ್ಟಿಸಿಕೊಂಡ ದಿನವೇ ಮುದಿಯಾಗುತ್ತದೆ ಎನ್ನುವುದು ಮೇಷ್ಟ್ರಿಗೆ ಗೊತ್ತಿತ್ತು.

ಅಂದ ಹಾಗೆ, ದಿನಾ ಸಂಜೆ ಅವರ ಪಾಠ ನೋಡಲು ಒಬ್ಬಳು ಕೂರುತ್ತಿದ್ದಳು. ದಡದಲ್ಲಿ ಒಂದು ಚಪ್ಪಡಿ ಕಲ್ಲಿದೆ. ಬಳೆಗಾರ್ತಿ ಊರೆಲ್ಲ ಸುತ್ತಿ, ಎಲ್ಲರ ಮನೆಯ ಸುದ್ದಿ ಎಲ್ಲರ ಮನೆಗೂ ಹಂಚಿ, ಬಳೆಯ ಮಲಾರವನ್ನು ಪಕ್ಕಕ್ಕಿಟ್ಟುಕೊಂಡು ಆ ಚಪ್ಪಡಿಯ ಮೇಲೆ ಬಂದು ಕೂತಳೆಂದರೆ ಕತ್ತಲಾಗುವವರೆಗೂ ಏಳುತ್ತಿರಲಿಲ್ಲ. ಬಾಯಿ ಬಡಕಿ, ಆದರೆ ಅಲ್ಲಿ ಮಾತಿಲ್ಲ. ಪ್ರಾಯದಲ್ಲಿ ಒಮ್ಮೆ ಅವಳದೇನೋ ಕೈತಪ್ಪಿ ಕೆರೆಗೆ ಉರುಳಿತ್ತು. ಒಂದು ಮೊಳ ದೂರದಲ್ಲೇ ತೇಲುತ್ತಿತ್ತು. ಒಂದು ಮೊಳ ತಾನೇ, ಎಂದು ಅವಳು ಬಾಗಿ ಕೈ ಚಾಚಿದಳು. ಬೆರಳ ತುದಿ ನೀರಿಗೆ ತಾಕಿತು. ಅಷ್ಟೆ.

ಹುರುಳಿ ಮತ್ತೆ ಮತ್ತೆ ಸುತ್ತುತ್ತಿದ್ದ ಒಂದು ಸಂಜೆ ಮೇಷ್ಟ್ರಿಗೆ ಸಾಕಾಗಿ ಹೋಯಿತು. ಕೈ ಕೆಳಗೆ ಬಿಟ್ಟು, ಕೆರೆಗೆ ಬೆನ್ನು ತಿರುಗಿಸಿ, ಕಂಬಳಿಯ ಒಳಗೆ ತಲೆ ಹುದುಗಿಸಿ ನಿಂತುಬಿಟ್ಟರು. ಆಗ ಚಪ್ಪಡಿಯ ಮೇಲಿನಿಂದ ಮಾತು ಬಂತು.

"ಮೇಷ್ಟ್ರೇ, ತಿರುಗಬೇಡಿ."

"ಯಾಕಮ್ಮಾ?"

"ತಿರುಗಬೇಡಿ ಅಂದ್ನಲ್ಲ! ಹೋಗ್ತಾ ಇದೆ."

"ಎಲ್ಲಿಗೆ?"

"ಮುಂದಕ್ಕೆ. ನಿಮ್ಮ ಕಡೆ ನೋಡ್ತು, ನಿಮ್ಮ ಬೆನ್ನು ಕಾಣಿಸ್ತು, ಪಾಪ, ಒಂದು ಸುತ್ತು ಹಾಕ್ತು. ಈಗ ಹೋಗ್ತಾ ಇದೆ. ಅಯ್ಯೋ, ನನ್ನನ್ನ ನೋಡ್ಬಿಡ್ತು! ನಿಂತ್ಕೊಳ್ತು." ಅವಳೂ ಸರಕ್ಕನೆ ತಿರುಗಿ ಕೂತಳು. ಇಬ್ಬರೂ ಕೆರೆಗೆ ಬೆನ್ನು ಮಾಡಿ ಊರಿನ ಕಡೆ ಮುಖ ಮಾಡಿ ಕಾದರು. ಬಹಳ ಹೊತ್ತಿನ ಮೇಲೆ ಕಲ್ಲಿನ ಮೇಲೆ ಉಗುರಿನ ಸದ್ದು ಕೇಳಿತು. ಹುರುಳಿಯ ಬಾಯಲ್ಲಿ ಜೊಂಡಿನ ಒಂದು ಎಸಳು ಇತ್ತು.

ಮೇಷ್ಟ್ರು ಆ ಎಸಳನ್ನು ಒಣ ಬಟ್ಟೆಯಲ್ಲಿ ಹಿಡಿದು ನೋಡಿದರು. "ಇಷ್ಟು ವರ್ಷ ಪಾಠ ಹೇಳಿದ್ದೇ ಹೇಳಿದ್ದು. ನಾನು ನೋಡ್ತಾ ಇದ್ರೆ ಅದು ನನ್ನನ್ನ ನೋಡುತ್ತೆ. ನಾನು ನೋಡದಿದ್ರೆ, ಹೋಗಬೇಕಾದ ಕಡೆ ನೋಡುತ್ತೆ" ಎಂದರು.

ಬಳೆಗಾರ್ತಿ ಕೇಳಿದಳು: "ನನಗೊಂದು ಸಲ ನಾಯಿ ಬಿಡ್ತೀರಾ, ಮೇಷ್ಟ್ರೇ?"

"ಏನು ಕಳಕೊಂಡಿದ್ದೀರಿ ಬಳೆಯಮ್ಮಾ?"

"ಅದೇ ಗೊತ್ತಿಲ್ವಲ್ಲ."

"ಹೆಸರಿಲ್ಲದ್ದಕ್ಕೆ ನಾಯಿ ಬಿಡಬಾರದು ಅಂತ ಇದೆ."

"ಗೊತ್ತು. ಎಲ್ಲರ ಕೈಗೂ ಬಳೆ ತೊಡಿಸ್ತೀನಿ. ಒಂದೊಂದು ಕೈ ಹಿಡಿದಾಗಲೂ ಮುಖ ನೋಡ್ತೀನಿ, ಇವಳದಾ ನಾನು ಕಳಕೊಂಡಿದ್ದು, ಅವಳಿಗೆ ಸಂಬಂಧಪಟ್ಟಿದ್ದಾ ಅಂತ. ಗಂಡ ಹೋದಾಗ ಅತ್ತಿದ್ದೆ, ಅದು ಗೊತ್ತಿತ್ತು. ಮಗು ಹೋದಾಗ ಅತ್ತಿದ್ದೆ, ಅದೂ ಗೊತ್ತಿತ್ತು. ಇದಕ್ಕೆ ಅಳೋಕೂ ಆಗಲ್ಲ. ಏನು ಅಂತ ಗೊತ್ತಿದ್ರೆ ಒಂದು ಸಲ ಕೂತು ಅತ್ತುಬಿಡ್ತಿದ್ದೆ ಮೇಷ್ಟ್ರೇ, ಆಮೇಲೆ ಎದ್ದು ಮನೆಗೆ ಹೋಗ್ತಿದ್ದೆ."

ಮೇಷ್ಟ್ರು ನಾಯಿಯನ್ನು ನೋಡಿದರು. ಕೈ ಚಾಚಿ ದಿಕ್ಕು ತೋರಿಸಿದರೆ ಸುತ್ತುವ ನಾಯಿ. ದಿಕ್ಕು ಇಲ್ಲದಿದ್ದರೆ ಹೋಗುವ ನಾಯಿ. ಹೆಸರಿಲ್ಲದ ವಸ್ತು ಎಲ್ಲಿದೆ ಎಂದು ಅವರು ಕೈ ಚಾಚಿ ತೋರಿಸುವುದಾದರೂ ಹೇಗೆ? ಒಂದಕ್ಕೊಂದು ಹೊಂದಿಕೊಂಡ ಹಾಗೆ ಕಂಡಿತು. "ಯಜಮಾನರು ಕೊಟ್ಟಿರೋ ಒಂದೇ ಅವಕಾಶ. ಅದು ನಿಮ್ಮದೇ ಆಗಲಿ" ಎಂದರು.

ಮುಂಜಾನೆ ಊರೆಲ್ಲ ದಡದಲ್ಲಿ ಸೇರಿತು. ಮಂಜು ಇನ್ನೂ ನೀರಿನ ಮೇಲೆ ಕೂತಿತ್ತು. ಮೇಷ್ಟ್ರು ಎಲ್ಲರಿಗೂ ಕೆರೆಗೆ ಬೆನ್ನು ಮಾಡಿ ನಿಲ್ಲಲು ಹೇಳಿದಾಗ ಗುಜುಗುಜು ಎದ್ದಿತು.

"ನೋಡೋಕೆ ಅಂತ ಬಂದು ಬೆನ್ನು ತಿರುಗಿಸಿ ನಿಲ್ಲೋದಾ?" ಎಂದರು ಯಜಮಾನರು.

"ನೀವು ನೋಡಿದ್ರೆ ಅದು ನಿಮ್ಮ ಕೈಯಲ್ಲಿ ಕಲ್ಲಿದೆಯಾ ಅಂತ ನೋಡುತ್ತೆ, ಯಜಮಾನ್ರೇ."

ಜನ ನಕ್ಕರು. ಯಜಮಾನರು ತಿರುಗಿ ನಿಂತರು. ಒಬ್ಬೊಬ್ಬರಾಗಿ ಎಲ್ಲರೂ ತಿರುಗಿದರು. ಬಳೆಗಾರ್ತಿ ಚಪ್ಪಡಿಯ ಮೇಲೆ ಊರಿನ ಕಡೆ ಮುಖ ಮಾಡಿ ಕೂತು, ಸೆರಗನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿ ದಪ್ಪಗೆ ಹರಡಿಕೊಂಡಳು. ಕೂರುವ ಮುಂಚೆ ನಾಯಿಯ ಕಿವಿಯ ಹತ್ತಿರ ಬಾಗಿ, "ನನಗಂತೂ ಗೊತ್ತಿಲ್ಲ ಕಣೇ. ನಿನಗೇನಾದ್ರೂ ಗೊತ್ತಾ?" ಎಂದಿದ್ದಳು.

ಕೋವಿ ಸದ್ದಾಯಿತು. ಹುರುಳಿ ಕೂತೇ ಇತ್ತು. ಹೆಸರು ಹೇಳುವವರಿರಲಿಲ್ಲ. ಕೈ ಚಾಚುವವರಿರಲಿಲ್ಲ. ಮೇಷ್ಟ್ರು ಮೆಲ್ಲಗೆ "ಹೋಗು" ಎಂದು ಹೇಳಿ ತಾವೂ ತಿರುಗಿದರು. ಹುರುಳಿ ಹೋಯಿತು.

ಆಮೇಲೆ ಕೆರೆಯಲ್ಲಿ ಏನಾಯಿತು ಎನ್ನುವುದನ್ನು ಯಾರೂ ನೋಡಲಿಲ್ಲ. ಕಥೆಯ ಮುಖ್ಯವಾದ ಭಾಗ ಅದೇ, ಅದನ್ನೇ ನಾನು ಹೇಳಲಾರೆ. ನೀರು ಸೀಳುವ ಸದ್ದು ಕೇಳಿತು. ಸದ್ದು ನಿಂತಿತು. ಆಗ ಹುರುಳಿ ನಡುನೀರಿನಲ್ಲಿ ತಿರುಗಿ ನೋಡಿರಬೇಕು. ದಡದ ಉದ್ದಕ್ಕೂ ಬೆನ್ನುಗಳು, ಬಿಳಿ ಬೆನ್ನು, ಕರಿ ಬೆನ್ನು, ಗೂನು ಬೆನ್ನು, ಕಂಬಳಿಯ ಬೆನ್ನು. ಒಂದು ಮುಖವೂ ಇಲ್ಲ. ಮತ್ತೆ ನೀರು ಸೀಳುವ ಸದ್ದು ಶುರುವಾಯಿತು, ಸಣ್ಣದಾಗುತ್ತ ಹೋಯಿತು. ಜನ ಊರಿನ ಕಡೆ ನೋಡುತ್ತ ನಿಂತಿದ್ದರು. ಕೆರೆಯ ದಡದಲ್ಲಿ ನಿಂತು ಅವರು ಯಾವತ್ತೂ ಊರನ್ನು ನೋಡಿದವರಲ್ಲ. ಹೆಂಚುಗಳ ಮೇಲೆ ಬಿಸಿಲು ಇಳಿಯುತ್ತಿತ್ತು. "ನಮ್ಮೂರು ಇಷ್ಟು ಚೆನ್ನಾಗಿದೆಯಾ!" ಎಂದ ಕೋವಿಯವನು, ಕಿವುಡರ ಗಟ್ಟಿ ದನಿಯಲ್ಲಿ.

ಕಲ್ಲಿನ ಮೇಲೆ ಉಗುರಿನ ಸದ್ದು. ಹುರುಳಿ ಮೇಷ್ಟ್ರ ಒಣ ಬಟ್ಟೆಯ ಹತ್ತಿರ ಬರಲಿಲ್ಲ. ಚಪ್ಪಡಿಯನ್ನು ಸುತ್ತು ಹಾಕಿ, ಬಳೆಗಾರ್ತಿಯ ಎದುರಿಗೆ ಬಂದು, ಅವಳ ಮಡಿಲಿನ ಮೇಲೆ ಗದ್ದ ಊರಿ, ಮೊಟ್ಟೆ ಇಡುವ ಹಾಗೆ ಬಾಯಿ ತೆರೆಯಿತು. ಸೆರಗಿನ ಮೇಲೆ ಒಂದು ಬಾತು ಕೂತಿತ್ತು. ಚಿಕ್ಕದು, ಬೂದು ಬಣ್ಣದ್ದು, ಕಾಡಿನದು. ಜೀವಂತ. ಒಂದು ಗರಿ ಕೂಡ ಮುರಿದಿರಲಿಲ್ಲ.

ಬಳೆಗಾರ್ತಿ ಕೈ ಎತ್ತಿದವಳು ಗಾಳಿಯಲ್ಲೇ ನಿಲ್ಲಿಸಿದಳು. ನೀರಿನಿಂದ ಬಂದದ್ದನ್ನು ಬರಿಗೈಯಲ್ಲಿ ಮುಟ್ಟಬಾರದು. ಆದರೆ ನೋಡಿದರೆ, ಬಾತಿನ ಬೆನ್ನಿನ ಮೇಲಿನ ಹನಿಗಳೆಲ್ಲ ಉರುಳಿ ಸೆರಗಿನ ಮೇಲಿನ ಮಡಿಕೆಯಲ್ಲೇ ಇಂಗಿಹೋಗಿದ್ದವು. ಬಾತಿನ ಗರಿಗೆ ನೀರು ಅಂಟುವುದಿಲ್ಲ. ಆ ಕೆರೆಯಿಂದ ಬಂದ ವಸ್ತುಗಳಲ್ಲಿ ಮನುಷ್ಯರು ಬರಿಗೈಯಲ್ಲಿ ಮುಟ್ಟಬಹುದಾದದ್ದು ಅದೊಂದೇ ಇದ್ದಿರಬೇಕು. ಅವಳು ಮುಟ್ಟಿದಳು. ಒಣಗಿತ್ತು, ಬೆಚ್ಚಗಿತ್ತು, ಅಂಗೈ ಕೆಳಗೆ ಅದರ ಎದೆ ಡವಡವ ಎನ್ನುತ್ತಿತ್ತು. ಅವಳು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡಳು. ಬಳೆ ತೊಡಿಸುವ ಕೈ ನೋಡಿ, ಎಷ್ಟು ಹಿಡಿಯಬೇಕೋ ಅಷ್ಟೇ ಹಿಡಿಯಲು ಗೊತ್ತು. ಬಾತು ಕತ್ತು ಚಾಚಿ ಅವಳ ಮುಖ ನೋಡಿತು. ಆಮೇಲೆ ರೆಕ್ಕೆ ಬಿಚ್ಚಿ ಎದ್ದು, ಜನರ ತಲೆಯ ಮೇಲಿಂದ, ಮಂಜಿನ ಮೇಲಿಂದ ಹಾರಿ ಆಚೆ ದಡದ ಆಚೆಗೆ ಹೋಯಿತು. ಈಗ ಎಲ್ಲರೂ ತಿರುಗಿ ನೋಡಿದರು.

ಬಳೆಗಾರ್ತಿ ಅಳತೊಡಗಿದಳು. ಮೊದಲು ಸಣ್ಣಗೆ, ಆಮೇಲೆ ಮೈಯೆಲ್ಲ ಅಲುಗಿ, ಬಳೆಗಳೆಲ್ಲ ಗಲಗಲ ಎನ್ನುವ ಹಾಗೆ. ಮೇಷ್ಟ್ರು ಗಾಬರಿಯಾಗಿ, "ತಪ್ಪಾಯ್ತು ಬಳೆಯಮ್ಮಾ. ಗರಿ ಸುತ್ತಿ ಕಲಿಸಿದವನು ನಾನೇ. ಹೆಸರು ಹೇಳದೆ ಬಿಟ್ಟಿದ್ದಕ್ಕೆ ಅದು ಮೊದಲನೇ ಪಾಠವನ್ನೇ ಒಪ್ಪಿಸಿಬಿಡ್ತು. ನಿಮ್ಮದು ಸಿಗಲಿಲ್ಲ" ಎಂದರು.

"ಸುಮ್ನಿರಿ ಮೇಷ್ಟ್ರೇ" ಎಂದಳು ಅವಳು, ಅಳುತ್ತಲೇ ನಗುತ್ತ. "ಈಗ ಕಳಕೊಂಡೆ ನೋಡಿ. ಏನು ಕಳಕೊಂಡೆ ಅಂತ ಈಗ ಗೊತ್ತಾಯ್ತಲ್ಲ. ಎಷ್ಟು ಬೆಚ್ಚಗಿತ್ತು ಗೊತ್ತಾ!"

ಯಜಮಾನರು ಬೆರಳು ಎತ್ತಿದರು. "ಇದು ನ್ಯಾಯಕ್ಕೆ ಬರಲ್ಲ. ಆ ಹಕ್ಕಿ ಇವಳದಲ್ಲ. ಅದು ಯಾರದೂ ಅಲ್ಲ."

"ಯಾರದೂ ಅಲ್ಲದಿದ್ರೆ ಮುಳುಗಬೇಕಿತ್ತಲ್ಲ, ಯಜಮಾನ್ರೇ? ತೇಲ್ತಾ ಇತ್ತಲ್ಲ!" ಎಂದಳು ಬಳೆಗಾರ್ತಿ.

ಮಾತಿನಲ್ಲಿ ಸೋತಾಗ ದೊಡ್ಡವರು ಏನು ಮಾಡುತ್ತಾರೋ ಯಜಮಾನರು ಅದನ್ನೇ ಮಾಡಿದರು, ದನಿ ಏರಿಸಿದರು. ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಯಾರೋ ಮೆಲ್ಲಗೆ, "ನನಗೂ ಏನೋ ಕಳೆದಿದೆ ಅನ್ನಿಸ್ತಾ ಇರುತ್ತೆ. ಏನು ಅಂತ ಗೊತ್ತಿಲ್ಲ" ಎಂದರು. ಇನ್ನೊಬ್ಬರು "ನನಗೂ" ಎಂದರು. ಕೋವಿಯವನು, "ಏನಂದ್ರಿ? ನನಗೂ!" ಎಂದ.

ಯಜಮಾನರ ಮುಖ ಬಿಳಿಚಿಕೊಂಡಿತು. "ಕೇಳಿದ್ರಾ? ನಾಳೆ ಇಡೀ ಊರು ಇಲ್ಲಿ ಬಂದು ಕೂರುತ್ತೆ. ಬೀಗದ ಕೈ ತರೋಕೆ ನಾಯಿ ಇರಲ್ಲ, ಹೊಲ ಉಳೋಕೆ ಜನ ಇರಲ್ಲ. ಇದು ಇಲ್ಲೇ ಮುಗೀಬೇಕು. ಆ ಕಲ್ಲುನಾಯಿಯನ್ನ ಈಗಲೇ ಕೊಟ್ಟಿಗೆಗೆ ಹಾಕಿ. ಹಗ್ಗ ಕಟ್ಟಿ ಬಿಂದಿಗೆ ಇಳಿಸಿ, ಕೆರೆ ನೀರು ಎತ್ತಿ ಇವಳ ತಲೆ ಮೇಲೆ ಸುರೀರಿ. ಹಕ್ಕೀನ ಮರೆತುಬಿಡಲಿ. ಅವಳಿಗೂ ಅದೇ ಒಳ್ಳೇದು."

ಬಳೆಗಾರ್ತಿ ಎರಡೂ ಅಂಗೈಗಳನ್ನು ಎದೆಗೆ ಒತ್ತಿಕೊಂಡಳು. "ಬೇಡ್ರಿ. ಇದೊಂದು ಬೇಡ್ರಿ. ಬಳೆ ಮಲಾರ ಬೇಕಾದ್ರೂ ತಗೊಳ್ಳಿ." ಅವಳ ಅಂಗೈಯಲ್ಲಿ ಇನ್ನೂ ಬಿಸಿ ಆರಿರಲಿಲ್ಲ. ಒಬ್ಬ ಬಿಂದಿಗೆ ತರಲು ಓಡಿದ. ಉಳಿದವರು ಬೇಕು, ಬೇಡ ಎಂದು ಚಪ್ಪಡಿಯ ಸುತ್ತ ಮುತ್ತಿಕೊಂಡು ಕೂಗಾಡಿದರು.

ಈ ಗಲಾಟೆಯಲ್ಲಿ ನಾಯಿಯನ್ನು ಎಲ್ಲರೂ ಮರೆತಿದ್ದರು. ಅದು ಒಪ್ಪಿಸುವುದನ್ನು ಒಪ್ಪಿಸಿಯಾಗಿತ್ತು. ನೇರಳೆ ಮರಕ್ಕೆ ಹೋಗಬೇಕು; ಹೋಗಲು ದಾರಿಯಿಲ್ಲ, ಸುತ್ತ ಕಾಲುಗಳ ಬೇಲಿ. ಮೈಯಿಂದ ನೀರು ಸೋರುತ್ತಿತ್ತು. ಚಳಿಗೆ ನಡುಗುತ್ತಿತ್ತು. ಕೊಡವಿಕೊಳ್ಳುವ ಆಸೆ ಕಿವಿಯ ತುದಿಯಲ್ಲಿ, ಬಾಲದ ತುದಿಯಲ್ಲಿ ಮಿಡಿಯುತ್ತಿತ್ತು. ಆದರೂ ಕೊಡವಲಿಲ್ಲ. ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತಿತ್ತು.

ಮೇಷ್ಟ್ರು ಅದನ್ನು ನೋಡಿದರು. ಸುತ್ತ ನಿಂತ ಊರನ್ನು ನೋಡಿದರು. ಚಪ್ಪಡಿಯ ಮೇಲಿನವಳನ್ನು ನೋಡಿದರು. ಆಮೇಲೆ, ಯಾವ ಬೇಸಿಗೆಯಲ್ಲೂ ತೆಗೆಯದ ಕಂಬಳಿಯನ್ನು ಮೈಯಿಂದ ತೆಗೆದು, ಅವಳ ತಲೆಯಿಂದ ಕಾಲಿನವರೆಗೆ ಮುಚ್ಚಿದರು.

"ಏನ್ಮಾಡ್ತಿದ್ದೀರಿ ಮೇಷ್ಟ್ರೇ?" ಕಂಬಳಿಯ ಒಳಗಿನಿಂದ ಅವಳ ದನಿ. "ನಿಮಗೆ?"

"ಒಬ್ಬರಿಗೆ ನೆನಪಿದ್ರೆ ಸಾಕಲ್ಲ, ಬಳೆಯಮ್ಮಾ." ಅವರು ಅವಳಿಗೆ ಅಡ್ಡವಾಗಿ, ನಾಯಿಗೆ ಬೆನ್ನು ಮಾಡಿ ನಿಂತರು. ಮೈಮೇಲೆ ಬರೀ ತೆಳ್ಳನೆಯ ಅಂಗಿ. "ಆಯ್ತು, ಹುರುಳಿ" ಎಂದರು.

ಹುರುಳಿ ಮೈ ಕೊಡವಿತು. ಅಂಥ ಕೊಡವುವಿಕೆಯನ್ನು ಆ ಊರು ಕಂಡಿರಲಿಲ್ಲವಂತೆ. ಕಂಬಳಿಯ ಮೇಲೆ ಹನಿಗಳು ಮಳೆಯ ಹಾಗೆ ಟಪಟಪ ಬಿದ್ದವು.

ಬಳೆಗಾರ್ತಿ ಕಂಬಳಿಯ ಅಂಚನ್ನು ಒಂದಿಷ್ಟೇ ಎತ್ತಿ ನೋಡಿದಳು. ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಬಿಂದಿಗೆ ತರಲು ಹೋಗಿ, ಕೊಡವುವ ಹೊತ್ತಿಗೆ ಸರಿಯಾಗಿ ಓಡಿ ಬಂದು ನೆನೆದವನು, "ಈ ಬಿಂದಿಗೆ ಯಾತಕ್ಕೆ ತಂದೆ?" ಎಂದು ಕೇಳಿದ. ಯಜಮಾನರು ಎತ್ತಿದ ಬೆರಳನ್ನು ತಾವೇ ನೋಡಿಕೊಂಡು, ಅದರಿಂದ ಮೆಲ್ಲಗೆ ಕಿವಿ ತುರಿಸಿಕೊಂಡು, "ನನ್ನನ್ನ ಯಾಕೆ ಕೇಳ್ತೀಯೋ? ಗಿಡಕ್ಕೆ ಬಾವಿ ನೀರು ಹಾಕು" ಎಂದರು. ಎದುರಿಗೆ ನಾಯಿ ಕಂಡಿತು. "ಅರೆ, ಹುರುಳಿ! ಯಾರೋ ಇದನ್ನ ಒದ್ದೆ ಮಾಡಿರೋದು?" ಎಂದು ಅದರ ತಲೆ ಸವರಿ ಮನೆಗೆ ಹೊರಟರು. ಊರು ಇಳಿಜಾರನ್ನು ಹತ್ತಿ ಚದುರಿಹೋಯಿತು. ಅವತ್ತು ಎಲ್ಲರೂ ಒಂದು ಥರ ಹಗುರಾಗಿದ್ದರಂತೆ, ಕಾರಣ ಗೊತ್ತಿಲ್ಲದೆ.

ಮೇಷ್ಟ್ರು ಮಾತ್ರ ಅಲ್ಲೇ ನಿಂತಿದ್ದರು. ಬೆನ್ನೆಲ್ಲ ಒದ್ದೆ. "ಕಂಬಳಿ ನಿಮ್ಮ ಮೇಲೆ ಹೇಗೆ ಬಂತು ಬಳೆಯಮ್ಮಾ?" ಎಂದು ಕೇಳಿದರು.

ಹುರುಳಿ ಈಗ ಒಳ್ಳೆಯ ನಾಯಿ. ಯಾರ ಮುಖವನ್ನೂ ನೋಡದೆ ನೆಟ್ಟಗೆ ಜೊಂಡಿಗೆ ಹೋಗಿ ಬರುತ್ತದೆ. ಅದು ಯಾವಾಗ ಕಲಿಯಿತು ಎನ್ನುವುದು ಮೇಷ್ಟ್ರಿಗೂ ಗೊತ್ತಿಲ್ಲ, ಯಜಮಾನರಂತೂ ತಾವೇ ಕಲಿಸಿದ್ದು ಎನ್ನುತ್ತಾರೆ. ಬಳೆಗಾರ್ತಿಗೆ ಆ ಚಪ್ಪಡಿಯ ಮೇಲೆ ಕೂರುವ ಅಗತ್ಯವಿಲ್ಲ. ಆದರೂ ಬರುತ್ತಾಳೆ, ಯಾಕೆಂದರೆ ಈಗ ಅಲ್ಲಿ ಮೇಷ್ಟ್ರು ಕೂತಿರುತ್ತಾರೆ. ಪಾಠ ಮುಗಿದ ಮೇಲೂ ಏಳುವುದಿಲ್ಲ, ಆಚೆ ದಡವನ್ನೇ ನೋಡುತ್ತಿರುತ್ತಾರೆ. ನಾವು ಬಳೆ ತೊಡಿಸಿಕೊಂಡ ಸಂಜೆಯೂ ಕೂತಿದ್ದರು. ನಮ್ಮ ಮನೆಯವರ ಕೈ ಬಿಟ್ಟು ಅವಳು ಮಲಾರ ಎತ್ತಿಕೊಂಡು ಹೋಗಿ ಅವರ ಪಕ್ಕದಲ್ಲಿ ಕೂತಳು. ಏರಿಯ ಮೇಲಿದ್ದ ನಮಗೆ ಮಾತೆಲ್ಲ ಕೇಳುತ್ತಿತ್ತು.

"ಒಂದು ದಿನ ಇಲ್ಲಿಗೆ ಏನೋ ಕೆಲಸಕ್ಕೆ ಅಂತ ಬಂದಿದ್ದೆ ಬಳೆಯಮ್ಮಾ. ದೊಡ್ಡ ಕೆಲಸ ಅನ್ಸುತ್ತೆ. ಮಾಡಿದ್ನೋ ಬಿಟ್ನೋ?"

"ಮಾಡಿದ್ರಿ ಮೇಷ್ಟ್ರೇ. ಹೇಳ್ತೀನಿ ಕೇಳಿ." ಅವಳು ಮೊದಲಿನಿಂದ ಶುರು ಮಾಡಿದಳು, ಇಳಿಜಾರು, ಗರಿ, ಕೋವಿ, ಕಲ್ಲು. ಅವರು ಯಾರದೋ ಕಥೆ ಕೇಳುವ ಹಾಗೆ ಕೇಳಿದರು. ಬೆನ್ನುಗಳ ಜಾಗ ಬಂದಾಗ ನಕ್ಕರು.

"ಹಕ್ಕಿ ಏನಾಯ್ತು?"

"ಹಾರಿಹೋಯ್ತು."

"ಮುಟ್ಟಿದವಳು?"

"ಅತ್ತಳು. ಆಮೇಲೆ ಎದ್ದು ಮನೆಗೆ ಹೋದಳು."

"ಕಂಬಳಿ ಕೊಟ್ಟವನು?"

ಬಳೆಗಾರ್ತಿ ಅವರ ಬೆನ್ನ ಮೇಲೆ ಅಂಗೈ ಇಟ್ಟಳು. ಕಂಬಳಿಯ ಮೂಲಕವೂ ಆ ಕೈಯ ಬಿಸಿ ತಾಕಿರಬೇಕು. ಮೇಷ್ಟ್ರು "ಬೆಚ್ಚಗಿದೆ" ಎಂದರು.